ನಾಯಕನನ್ನು ಹುಡುಕುವುದು ಬಿಟ್ಟ ಮೇಲೆ ಹಿಡಿಸಿದ ಕಾದಂಬರಿ

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಲು ಹೊರಟವರಲ್ಲಿ ಸುಮಾರು ಜನ ಮೊದಲ ಐವತ್ತು ಪುಟಗಳಲ್ಲೇ ನಿಂತುಬಿಡುತ್ತಾರೆ. ಕಾರಣ ಪುಸ್ತಕದ ದಪ್ಪ ಅಲ್ಲ, ಹೆಸರುಗಳು. ಒಬ್ಬನ ಕಥೆ ಹಿಡಿಯುವಷ್ಟರಲ್ಲಿ ಇನ್ನೊಬ್ಬ ಬರುತ್ತಾನೆ, ಅವನ ಹಿಂದೆಯೇ ಮತ್ತೊಂದು ಮನೆಯವರು.

ನಾನು ಮೊದಲು ಮಾಡಿದ ಕೆಲಸ, ಒಂದು ಹಾಳೆಯಲ್ಲಿ ಮನೆಗಳನ್ನು ಬರೆದುಕೊಂಡಿದ್ದು. ಜನರನ್ನಲ್ಲ, ಮನೆಗಳನ್ನು. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ. ಆಮೇಲೆ ಯಾರಾದರೂ ಹೊಸಬರು ಬಂದರೆ ಅವರ ಮನೆಯ ಕೆಳಗೆ ಹೆಸರು ಸೇರಿಸಿದೆ. ಸಿಂಬಾವಿಯಲ್ಲಿ ಭರಮೈಹೆಗ್ಗಡೆ, ಹೂವಳ್ಳಿಯಲ್ಲಿ ಚಿನ್ನಮ್ಮ, ಕೋಣೂರಿನಲ್ಲಿ ಮುಕುಂದಯ್ಯ. ಆ ಮಲೆನಾಡಿನಲ್ಲಿ ಮನುಷ್ಯನನ್ನು ಗುರುತಿಸುವುದೇ ಮನೆ ಹೆಸರು ಹಿಡಿದು ಅಲ್ವಾ? ಯಾರ ಋಣ ಯಾರ ಮೇಲಿದೆ, ಯಾರಿಗೆ ಯಾರ ಹೆಣ್ಣು ಕೊಡಬೇಕಂತೆ, ಯಾರು ಯಾರ ಕೈಕೆಳಗಿನವರು ಅನ್ನೋದು ಆ ಹಾಳೆಯಲ್ಲಿ ತಾನಾಗಿಯೇ ಬಿಡಿಸಿಕೊಳ್ತು. ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಹಾಳೆ ನೋಡುವ ಅಗತ್ಯವೇ ಇರಲಿಲ್ಲ.

ಎರಡನೆಯದು, ಮಾತುಗಳನ್ನು ಬಾಯಿಬಿಟ್ಟು ಓದಿದ್ದು. ಒಡೆಯರು ಒಂದು ರೀತಿ ಮಾತಾಡುತ್ತಾರೆ, ಆಳುಗಳು ಇನ್ನೊಂದು ರೀತಿ. ಕಣ್ಣಲ್ಲಿ ಓದಿದರೆ ತೊಡಕು ಅನ್ನಿಸುವ ಸಾಲು, ಗಟ್ಟಿಯಾಗಿ ಹೇಳಿದರೆ ಸಲೀಸು. ಯಾರು ತಗ್ಗಿದ ದನಿಯಲ್ಲಿ ಮಾತಾಡ್ತಿದ್ದಾರೆ, ಯಾರು ಗದರಿಸ್ತಿದ್ದಾರೆ ಅಂತ ಕಿವಿಗೇ ಗೊತ್ತಾಗುತ್ತೆ.

ಆದರೆ ಪುಸ್ತಕ ಮನಸ್ಸಿಗೆ ಹತ್ತಿದ್ದು ಇವುಗಳಿಂದಲ್ಲ. ಅದಕ್ಕೆ ಕಾರಣ ಗುತ್ತಿ. ಸಿಂಬಾವಿ ಹೆಗ್ಗಡೆಯ ಆಳು, ಹೊಲೆಯರವನು. ಒಡೆಯನ ಕೆಲಸದ ಮೇಲೆ ಹೊರಟಿದ್ದಾನೆ, ಮನಸ್ಸೆಲ್ಲ ಬೆಟ್ಟಳ್ಳಿಯ ತಿಮ್ಮಿಯ ಮೇಲೆ, ಹಿಂದೆ ಮುಂದೆ ಅವನ ನಾಯಿ ಹುಲಿಯ. ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ. ಕಾಡು, ಏರು, ಇಳಿಜಾರು, ದಾರಿಯಲ್ಲಿ ಸಿಕ್ಕವರ ಜೊತೆ ಮಾತು. 'ಕಥೆ ಯಾವಾಗ ಶುರುವಾಗುತ್ತೆ' ಅಂತ ಕಾಯುತ್ತಾ ಓದಿದರೆ ಇದು ಹಿಂಸೆ. ಅವನ ಜೊತೆ ನಡೆದರೆ ಇದೇ ಕಥೆ. 1967ರಲ್ಲಿ ಪುಸ್ತಕ ಬಂದಾಗಲೇ ಕುವೆಂಪು ಓದುಗನಿಗೆ ಇದನ್ನು ಹೇಳಿಟ್ಟಿದ್ದಾರೆ: ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಅಂತ. ಎಲ್ಲರೂ ಆ ಮಾತನ್ನು ಭಾಷಣಗಳಲ್ಲಿ ಬಳಸಿ ಬಳಸಿ ಸವೆಸಿದ್ದಾರೆ. ನನಗೆ ಮಾತ್ರ ಅದು ಓದುವ ಕ್ರಮವನ್ನೇ ಹೇಳಿದ ಹಾಗಿತ್ತು. ಪುಟ ತಿರುಗಿಸುತ್ತಾ ನಾಯಕ ಯಾರು ಅಂತ ಹುಡುಕುವುದನ್ನು ನಿಲ್ಲಿಸಿದೆ. ಗುತ್ತಿ ಇದ್ದಾಗ ಗುತ್ತಿ, ಆಳು ದಂಪತಿ ಐತ ಪೀಂಚಲು ಬಂದರೆ ಅವರು, ನಾಯಿ ಬಂದರೆ ನಾಯಿ.

ಹಾಗೆ ಓದಿದ್ದಕ್ಕೇ ಹಳೆಮನೆಯ ದೊಡ್ಡಣ್ಣ ಹೆಗ್ಗಡೆಯ ಹೆಂಡತಿ ನನ್ನ ಕಣ್ಣು ತಪ್ಪಲಿಲ್ಲ. ಗಂಡ ತಿರುಪತಿ ಯಾತ್ರೆಗೆ ಹೋದವನು ವಾಪಸ್ ಬರಲೇ ಇಲ್ಲ. ಆಕೆ ಮಾತ್ರ ಬಂದೇ ಬರ್ತಾನೆ ಅಂತ ಕಾಯುತ್ತಾಳೆ. ಊರವರ ಬಾಯಲ್ಲಿ ಅವಳು ಹುಚ್ಚಿ. ಕಥೆ ಮುಂದೆ ಓಡಲಿ ಅನ್ನುವ ಆತುರದಲ್ಲಿದ್ದಿದ್ದರೆ ಆ ಪುಟಗಳನ್ನು ಸುಮ್ನೆ ದಾಟಿಬಿಡುತ್ತಿದ್ದೆ. ಚಿನ್ನಮ್ಮ ಮದುವೆ ಬಿಟ್ಟು ಮುಕುಂದಯ್ಯನ ಕಡೆ ಓಡಿಹೋಗುವುದೇ ಎಲ್ಲರಿಗೂ ನೆನಪಿರುವ ಭಾಗ. ನನಗೆ ಕಾಯುತ್ತಾ ಕೂತ ಈ ಹೆಂಗಸು ಚಿನ್ನಮ್ಮನಿಗಿಂತ ಜಾಸ್ತಿ ಕಾಡಿದಳು.

ಕೊನೆಯ ಕಡೆ ಓದುವ ವೇಗ ತಾನಾಗಿಯೇ ಏರುತ್ತದೆ. ಅಲ್ಲೊಂದು ಎಚ್ಚರಿಕೆ: ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಭಾಗವನ್ನು ಬಸ್ಸಲ್ಲಿ ಕೂತು ಓದಬೇಡಿ. ಮೊದಲಿಂದ ಜೊತೆಗೆ ನಡೆದು ಬಂದ ನಾಯಿ ಅದು. ಕಣ್ಣೀರು ಬಂದರೆ ಪಕ್ಕದವರಿಗೆ ಏನಂತ ಹೇಳ್ತೀರಿ?

ನಾಟಕ ನೋಡಿ ಆಮೇಲೆ ಓದ್ತೀನಿ ಅನ್ನುವವರೂ ಇದ್ದಾರೆ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿತ್ತು, ದೊಡ್ಡ ಸಾಹಸವೇ ಸರಿ. ಆದರೂ ನನ್ನ ಸಲಹೆ ಪುಸ್ತಕ ಮೊದಲು. ನಾಟಕ ಮೊದಲು ನೋಡಿದರೆ ಗುತ್ತಿಗೆ ಒಬ್ಬ ನಟನ ಮುಖ ಅಂಟಿಕೊಂಡುಬಿಡುತ್ತದೆ. ಕುವೆಂಪು ಅವರದೇ ಇನ್ನೊಂದು ಕಾದಂಬರಿ, 1936ರ 'ಕಾನೂರು ಹೆಗ್ಗಡಿತಿ'ಯನ್ನು ಮೊದಲು ಓದಬೇಕೇ ಅಂತಲೂ ಕೇಳ್ತಾರೆ. ಬೇಕಿಲ್ಲ. ನಾನು ಅದನ್ನು ಓದಿದ್ದು ಇದಾದ ಮೇಲೇ.