ಚಿಮಣಿ ಸುತ್ತ 2 ಇಂಚು ಬಿಡಿ, ಆಮೇಲೆ ಅಟ್ಟ ಬೆಚ್ಚಗೆ ಮಾಡಿ

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಸಂಜೆಗೇ ಫೈರ್‌ಪ್ಲೇಸ್‌ಗೆ ಬೆಂಕಿ ಹಾಕುತ್ತಾರೆ. ಎಷ್ಟು ಕಟ್ಟಿಗೆ ಉರಿಸಿದರೂ ರೂಮು ಮಾತ್ರ ಬೆಚ್ಚಗಾಗುವುದಿಲ್ಲ. ಬಿಸಿಗಾಳಿ ಸೀಲಿಂಗ್ ಹಲಗೆಯ ಸಂದಿಯಿಂದ ಅಟ್ಟಕ್ಕೆ ಏರಿ, ಹೆಂಚಿನ ಸಂದಿಯಿಂದ ಆಚೆ ಹೋಗಿಬಿಡುತ್ತದೆ. ಹಾಗಾಗಿ ಅಟ್ಟಕ್ಕೆ ಇನ್ಸುಲೇಷನ್, ಅಂದರೆ ಶಾಖ ಆಚೆ ಹೋಗದಂತೆ ತಡೆಯುವ ಹೊದಿಕೆ, ಹಾಕಿಸುವುದು ಒಳ್ಳೆಯ ಕೆಲಸವೇ. ಆದರೆ ಚಿಮಣಿ ಅಟ್ಟವನ್ನು ದಾಟುವ ಆ ಒಂದು ಜಾಗದಲ್ಲಿ ಸುಮ್ನೆ ಏನೋ ತುಂಬಿದರೆ ಮನೆಗೇ ಅಪಾಯ.

ಚಿಮಣಿಗೆ ತಾಗಿಕೊಂಡ ಮರ ಒಂದೇ ದಿನಕ್ಕೆ ಹೊತ್ತಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಕಾದು ಕಾದು ನಿಧಾನಕ್ಕೆ ಕರಕಲಾಗುತ್ತದೆ. ಅಂಥ ಮರಕ್ಕೆ ಬೆಂಕಿ ಹಿಡಿಯಲು ಮೊದಲಿನಷ್ಟು ಶಾಖ ಬೇಕಾಗಿಲ್ಲ. ಮೇಲೆ ಇನ್ಸುಲೇಷನ್ ಹೊದಿಸಿದರೆ ಶಾಖ ಹೊರಹೋಗುವ ದಾರಿಯೂ ಮುಚ್ಚುತ್ತದೆ. ಮನೆಯೊಳಗಿಂದ ಏರುವ ಇಟ್ಟಿಗೆ ಚಿಮಣಿಗೂ ಮರಕ್ಕೂ ನಡುವೆ ಕನಿಷ್ಠ 2 ಇಂಚು ಖಾಲಿ ಬಿಡಬೇಕು ಎಂದು ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 211ನೇ ಮಾನದಂಡ ಹೇಳುತ್ತದೆ. ನಮ್ಮ ಬಂಗಲೆಗಳಿಗೂ ಇದೇ ಅಳತೆ ಇಟ್ಟುಕೊಳ್ಳಿ.

ಮೊದಲು ಟಾರ್ಚ್ ಹಿಡಿದು ಹತ್ತಿ

ಮಳೆಗಾಲ ಮುಗಿದು ಅಟ್ಟ ಒಣಗಿದ ಮೇಲೆ, ಫೈರ್‌ಪ್ಲೇಸ್ ಪೂರ್ತಿ ತಣ್ಣಗಿರುವಾಗ ಕೆಲಸ ಶುರು ಮಾಡಿ. ಎನ್95 ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಸೀಲಿಂಗ್ ಹಲಗೆ ಮೇಲೆ ಕಾಲಿಡಬೇಡಿ. ತೊಲೆಗಳ ಮೇಲೆ ಅಡ್ಡ ಹಲಗೆ ಹಾಕಿಕೊಂಡು ಓಡಾಡಿ. ಚಿಮಣಿ ಪಕ್ಕದ ಗೋಣಿಚೀಲ, ಇಲಿ ಗೂಡು, ಇಲ್ಲಣ ಎಲ್ಲ ತೆಗೆಸಿ.

ಈಗ ಇಟ್ಟಿಗೆಗಳನ್ನು ಹತ್ತಿರದಿಂದ ನೋಡಿ. ಹಳೆಯ ಸುಣ್ಣದ ಗಾರೆ ಬೆರಳಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆಯಾ? ಸಂದಿಯ ಪಕ್ಕ ಕಪ್ಪು ಗೆರೆ ಇದೆಯಾ? ಹಾಗಿದ್ದರೆ ಅಲ್ಲಿಂದ ಹೊಗೆ ಸೋರುತ್ತಿದೆ ಎಂದರ್ಥ. ಚಿಮಣಿಯ ಒಳಗಿನ ಮಸಿ ತೆಗೆಸಿ, ಅನುಭವಸ್ಥ ಮೇಸ್ತ್ರಿಯಿಂದ ರಿಪೇರಿ ಮಾಡಿಸುವ ತನಕ ಮುಂದಿನ ಹೆಜ್ಜೆ ಬೇಡ. ಹೆಂಚಿನ ಹತ್ತಿರ ನೀರು ಸೋರಿದ ಕಲೆ ಇದ್ದರೆ ಅದನ್ನೂ ಈಗಲೇ ಸರಿಮಾಡಿಸಿ. ಒದ್ದೆ ಇನ್ಸುಲೇಷನ್ ಇದ್ದೂ ಇಲ್ಲದ ಹಾಗೆ.

ಕೆಲವು ಕಡೆ ತೊಲೆಯ ತುದಿಯನ್ನೇ ಚಿಮಣಿ ಗೋಡೆಗೆ ಸೇರಿಸಿರುತ್ತಾರೆ. ಹಾಗೆ ಕಂಡರೆ ನೀವೇ ಕುಯ್ಯಲು ಹೋಗಬೇಡಿ, ಚಾವಣಿಯ ಭಾರ ಅದರ ಮೇಲಿರಬಹುದು. ಎಂಜಿನಿಯರ್ ನೋಡಲಿ.

ಏನು ತರಬೇಕು

ರಾಕ್‌ವೂಲ್ ತನ್ನಿ. ಕಲ್ಲು ಕರಗಿಸಿ ಎಳೆದ ನಾರು ಅದು, ಬೆಂಕಿಗೆ ಉರಿಯುವುದಿಲ್ಲ. ಅಂಗಡಿಯಲ್ಲಿ ಭಾರತೀಯ ಮಾನದಂಡ ಐಎಸ್ 8183 ಪ್ರಕಾರದ್ದು ಎಂದು ಕೇಳಿ. ಕಾಗದದ ಹೊದಿಕೆ ಇಲ್ಲದ್ದೇ ಇರಲಿ. ಥರ್ಮಾಕೋಲ್, ಸ್ಪ್ರೇ ಫೋಮ್ ಚಿಮಣಿಯ ಹತ್ತಿರ ಸುಳಿಯಲೇಬಾರದು. ಅಗ್ಗ ಎಂದು ಹೊಟ್ಟು, ಹುಲ್ಲು ತುಂಬುವುದಂತೂ ಬೇಡವೇ ಬೇಡ. ಜೊತೆಗೆ 26 ಗೇಜಿನ ಜಿಐ ಶೀಟ್ (ಸತುವಿನ ಲೇಪನದ ಕಬ್ಬಿಣದ ತಗಡು), ಶೀಟ್ ಕತ್ತರಿಸುವ ಕತ್ತರಿ, ಶಾಖ ತಡೆಯುವ ಫೈರ್ ಸೀಲಂಟ್ ಬೇಕು. ಬಾತ್‌ರೂಮಿಗೆ ಹಾಕುವ ಮಾಮೂಲಿ ಸಿಲಿಕಾನ್ ಇಲ್ಲಿ ನಡೆಯುವುದಿಲ್ಲ.

ಸಂದಿ ಮುಚ್ಚಿ, ಕಟ್ಟೆ ಕಟ್ಟಿ

ಚಿಮಣಿಗೂ ತೊಲೆಗೂ ನಡುವಿನ ಸಂದಿಯೇ ಬಿಸಿಗಾಳಿ ಏರುವ ದಾರಿ. ಕೆಳಗೆ ಬೆಂಕಿ ಬಿದ್ದರೆ ಅದೇ ಬೆಂಕಿಗೂ ದಾರಿ. ನಾಲ್ಕೂ ಬದಿಗೆ ಜಿಐ ಪಟ್ಟಿ ಕತ್ತರಿಸಿ, ಒಂದು ಅಂಚು ತೊಲೆಗೆ ಸ್ಕ್ರೂ ಮಾಡಿ, ಇನ್ನೊಂದು ಅಂಚು ಇಟ್ಟಿಗೆಗೆ ಸೇರುವಲ್ಲಿ ಸೀಲಂಟ್ ಹಚ್ಚಿ. ಮೂಲೆಗಳಿಗೂ ಹಚ್ಚಲು ಮರೆಯಬೇಡಿ.

ಆಮೇಲೆ ರಾಕ್‌ವೂಲ್ ಚಿಮಣಿಗೆ ತಾಗದಂತೆ ತಡೆಯಲು ಸುತ್ತ ತಗಡಿನ ಕಟ್ಟೆ. ಚಿಮಣಿ 24 ಇಂಚು ಉದ್ದ, 18 ಇಂಚು ಅಗಲ ಇದೆ ಎಂದುಕೊಳ್ಳಿ. ಸುತ್ತ 2 ಇಂಚು ಬಿಟ್ಟರೆ ಕಟ್ಟೆ 28ಕ್ಕೆ 22 ಆಗುತ್ತದೆ, ಸುತ್ತಳತೆ 100 ಇಂಚು. ತುದಿ ಒಂದರ ಮೇಲೊಂದು ಕೂರಲು 2 ಇಂಚು ಸೇರಿಸಿ. ರಾಕ್‌ವೂಲ್ 4 ಇಂಚು ದಪ್ಪ ಹಾಕುವುದಾದರೆ ಪಟ್ಟಿ 10 ಇಂಚು ಅಗಲ ಇರಲಿ. ಕೆಳಗಿನ 2 ಇಂಚನ್ನು ಅಲ್ಲಲ್ಲಿ ಸೀಳಿ, ಹೊರಗೆ ಮಡಚಿ, ತೊಲೆಗೆ ಮೊಳೆ ಹೊಡೆಯಿರಿ. 8 ಇಂಚು ಎತ್ತರದ ಗೋಡೆ ಉಳಿಯುತ್ತದೆ. ಅಂಚು ಕೈ ಕೊಯ್ಯುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಇನ್ನು ರಾಕ್‌ವೂಲನ್ನು ತೊಲೆಗಳ ನಡುವೆ ಒತ್ತದೆ ಹಾಸುತ್ತಾ ಬನ್ನಿ, ಕಟ್ಟೆಯ ಹೊರಗೇ ನಿಲ್ಲಿಸಿ. ಒಳಗಿನ 2 ಇಂಚು ಖಾಲಿಯೇ ಇರಲಿ, ಉರಿಯದ ವಸ್ತು ಅಲ್ವಾ ಎಂದು ರಾಕ್‌ವೂಲನ್ನೂ ತುರುಕಬೇಡಿ. ಹಳೆಯ ವೈರಿಂಗ್ ಇದ್ದರೆ ಅದರ ಮೇಲೆ ಹೊದಿಸುವ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನಿಮ್ಮದು ಇಟ್ಟಿಗೆಯದಲ್ಲದೆ ಲೋಹದ ಕೊಳವೆ ಚಿಮಣಿಯಾದರೆ ತಯಾರಕರು ಕೊಟ್ಟ ಅಂತರವನ್ನೇ ಪಾಲಿಸಿ. ಒಂದೇ ಪದರದ ಕೊಳವೆ ಅಟ್ಟದ ಮೂಲಕ ಹೋಗಲೇಬಾರದು.

ಮೊದಲ ಬೆಂಕಿ

ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ ಸಣ್ಣ ಬೆಂಕಿ ಹಾಕಿ. ಹಸಿ ಸಿಲ್ವರ್ ಓಕ್ ಹಾಕಿದರೆ ಜಿಡ್ಡು ಮಸಿ ಜಾಸ್ತಿ ಕೂರುತ್ತದೆ, ಅದೇ ಮುಂದೆ ಚಿಮಣಿಯೊಳಗೆ ಹೊತ್ತಿಕೊಳ್ಳುತ್ತದೆ. ಒಂದು ಗಂಟೆ ಬಿಟ್ಟು ಅಟ್ಟ ಹತ್ತಿ ಹತ್ತಿರದ ತೊಲೆ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಹೊಗೆಯ ವಾಸನೆ ಬಂದರೆ ಬೆಂಕಿ ಆರಿಸಿ, ಮೇಸ್ತ್ರಿಯನ್ನು ಕರೆಸಿ. ಮಲಗುವ ಕೋಣೆಗಳ ಹತ್ತಿರ ಹೊಗೆ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಹಾಕಿಸಿ. ಆ ಅನಿಲಕ್ಕೆ ವಾಸನೆಯೇ ಇಲ್ಲ, ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ.