ದುಬಾರಿ ಮೊಬೈಲ್ ಕೊಳ್ಳಬೇಕೇ? ಅಂಗಡಿಗೆ ಹೋಗುವ ಮೊದಲು ಹಾಕಬೇಕಾದ ಲೆಕ್ಕ

ದಸರಾ ಹತ್ತಿರ ಬಂದಂತೆ ಮೈಸೂರಿನ ದೇವರಾಜ ಅರಸು ರಸ್ತೆಯ ಮೊಬೈಲ್ ಅಂಗಡಿಗಳ ಮುಂದೆ ‘ಮುಂಗಡ ಬೇಡ, ಬಡ್ಡಿ ಇಲ್ಲ’ ಎಂಬ ಫಲಕಗಳು ಏಳುತ್ತವೆ. ಒಂದು ಸೀರೆ ಆರಿಸಲು ನಾಲ್ಕು ಅಂಗಡಿ ಹತ್ತಿಳಿಯುವ ಮನೆಯವರೇ ತೊಂಬತ್ತು ಸಾವಿರದ ಫೋನನ್ನು ಅರ್ಧ ಗಂಟೆಯಲ್ಲಿ ಕೊಂಡು, ಆಮೇಲೆ ವರ್ಷವಿಡೀ ಕಂತು ಕಟ್ಟುತ್ತ ಪರದಾಡುವುದನ್ನು ಕಂಡೇ ಈ ಲೇಖನ ಬರೆಯುತ್ತಿದ್ದೇನೆ. ದುಬಾರಿ ಫೋನು ಕೊಳ್ಳುವುದೇ ತಪ್ಪೆಂಬುದು ನನ್ನ ವಾದವಲ್ಲ. ಐದಾರು ವರ್ಷ ಇಟ್ಟುಕೊಂಡು ಬಳಸುವವರಿಗೆ ಆ ಬೆಲೆ ನ್ಯಾಯವೇ. ಎರಡು ವರ್ಷಕ್ಕೊಮ್ಮೆ ಬದಲಿಸುವವರಿಗೆ ಖಂಡಿತ ಅಲ್ಲ.

ಮೊದಲ ಹೆಜ್ಜೆ: ಈಗಿರುವ ಫೋನಿನ ಕೊರತೆ ಏನೆಂದು ಒಂದು ಚೀಟಿಯಲ್ಲಿ ಬರೆಯಿರಿ. ಚಾರ್ಜ್ ನಿಲ್ಲುವುದಿಲ್ಲ ಎಂಬುದಷ್ಟೇ ದೂರಾದರೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಿ, ವಿಷಯ ಅಲ್ಲಿಗೇ ಮುಗಿಯಿತು. ಜಾಗ ತುಂಬಿದೆ ಎಂಬ ದೂರಿಗೆ ವಾಟ್ಸ್‌ಆ್ಯಪ್‌ನ ಹಳೆಯ ವಿಡಿಯೊಗಳನ್ನು ಅಳಿಸುವುದೇ ಬಹುಪಾಲು ಪರಿಹಾರ.

ಎರಡನೆಯ ಹೆಜ್ಜೆ: ಬೆಲೆಯನ್ನು ಫೋನು ಬಾಳುವ ವರ್ಷಗಳಿಂದ ಭಾಗಿಸಿ. ಫೋನನ್ನು ಸುರಕ್ಷಿತವಾಗಿಡುವ ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂಬುದು ಈ ಬಾಳಿಕೆಗೆ ಒಂದು ಅಳತೆ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8 ಮತ್ತು 2024ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷಗಳ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವುದಾಗಿ ಆಯಾ ಕಂಪನಿಗಳು ಘೋಷಿಸಿವೆ. ಈ ಅವಧಿಯನ್ನು ಎಣಿಸುವುದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದಲೇ ಹೊರತು ನೀವು ಕೊಂಡ ದಿನದಿಂದಲ್ಲ ಎಂಬುದನ್ನು ಮರೆಯಬಾರದು. ತೊಂಬತ್ತು ಸಾವಿರದ ಫೋನು ಆರು ವರ್ಷ ಬಾಳಿದರೆ ವರ್ಷಕ್ಕೆ 15,000 ರೂಪಾಯಿ. ಮೂವತ್ತು ಸಾವಿರದ್ದು ಮೂರು ವರ್ಷ ಬಾಳಿದರೆ ವರ್ಷಕ್ಕೆ 10,000. ಈ ಐದು ಸಾವಿರದ ವ್ಯತ್ಯಾಸಕ್ಕೆ ತಕ್ಕ ಕ್ಯಾಮೆರಾ, ವೇಗ, ಪರದೆ ನಿಮಗೆ ಬೇಕೇ ಎಂಬುದಷ್ಟೇ ನಿಜವಾದ ಪ್ರಶ್ನೆ. ನನ್ನನ್ನು ಕೇಳಿದರೆ, ಹೊಸ ಮಾದರಿ ಬಂದ ಕೂಡಲೇ ಅದರ ಹಿಂದಿನ ವರ್ಷದ ಮೇಲ್ದರ್ಜೆಯ ಫೋನನ್ನು ಇಳಿದ ಬೆಲೆಗೆ ಕೊಳ್ಳುವುದೇ ಜಾಣತನ. ಕೈ ತಪ್ಪುವುದು ಒಂದು ವರ್ಷದ ಅಪ್‌ಡೇಟ್ ಮಾತ್ರ.

ಮೂರನೆಯ ಹೆಜ್ಜೆ ಕ್ಯಾಮೆರಾ ಪರೀಕ್ಷೆ. ಅಂಗಡಿಯ ಪ್ರಖರ ದೀಪಗಳ ಕೆಳಗೆ ಎಲ್ಲ ಫೋನೂ ಒಳ್ಳೆಯ ಚಿತ್ರವನ್ನೇ ತೆಗೆಯುತ್ತದೆ. ಅದೇ ಮಾದರಿಯ ಫೋನಿರುವ ಸ್ನೇಹಿತರೊಬ್ಬರನ್ನು ಭಾನುವಾರ ಸಂಜೆ ಅರಮನೆಯ ದೀಪಾಲಂಕಾರದ ಹೊತ್ತಿಗೆ ಕರೆದೊಯ್ದು, ನಿಮ್ಮ ಹಳೆಯ ಫೋನಿನಲ್ಲೂ ಅವರದರಲ್ಲೂ ಒಂದೇ ಜಾಗದಿಂದ ಚಿತ್ರ ತೆಗೆಯಿರಿ. ಗೋಪುರದ ಬಲ್ಬುಗಳು ಬಿಡಿಬಿಡಿಯಾಗಿ ಕಾಣುತ್ತವೆಯೋ, ಹಳದಿ ಬೆಳಕಿನ ಮುದ್ದೆಯಾಗಿ ಕರಗುತ್ತವೆಯೋ, ಮುಂದೆ ನಿಂತವರ ಮುಖ ಕಪ್ಪಾಗುತ್ತದೆಯೋ ಎಂದು ಹಿಗ್ಗಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಯಿತು. ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ: 108 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್‌ಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತದೆ.

ನಾಲ್ಕನೆಯದು ಕಂತಿನ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿದೆ. ಹಾಗಾದರೆ ‘ನೋ ಕಾಸ್ಟ್ ಇಎಂಐ’ ಎಂದರೇನು? ಬಡ್ಡಿಯಷ್ಟು ಮೊತ್ತವನ್ನು ಕಂಪನಿಯೋ ಅಂಗಡಿಯೋ ಬೆಲೆಯಲ್ಲಿ ಮೊದಲೇ ಕಳೆದು, ಉಳಿದ ಮೊತ್ತವನ್ನು ಬ್ಯಾಂಕಿನಿಂದ ಸಾಲವಾಗಿ ಕೊಡಿಸುತ್ತದೆ. ಉದಾಹರಣೆಗೆ 90,000 ರೂಪಾಯಿಯ ಫೋನಿಗೆ 12 ತಿಂಗಳು 7,500ರಂತೆ ಕಟ್ಟುತ್ತೀರಿ ಎನ್ನೋಣ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 16 ಆದರೆ ನಿಮ್ಮ ಹೆಸರಿನ ಸಾಲ ಸುಮಾರು 82,660, ಬಡ್ಡಿ ಸುಮಾರು 7,340. ಕ್ರೆಡಿಟ್ ಕಾರ್ಡಿನ ಕಂತಾದರೆ ಈ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಸುಮಾರು 1,320 ರೂಪಾಯಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಪ್ರೊಸೆಸಿಂಗ್ ಶುಲ್ಕ, ಅದಕ್ಕೂ ಜಿಎಸ್‌ಟಿ ಬೇರೆ. ಕಾರ್ಡಿನ ಸ್ಟೇಟ್‌ಮೆಂಟ್ ತೆರೆದು ನೋಡಿದರೆ ಅಸಲು, ಬಡ್ಡಿ, ತೆರಿಗೆ ಬೇರೆಬೇರೆ ಸಾಲುಗಳಲ್ಲಿ ಇರುತ್ತವೆ.

ಆದ್ದರಿಂದ ಕೌಂಟರ್‌ನಲ್ಲಿ ಕೇಳಬೇಕಾದ ಮೊದಲ ಮಾತು ‘ತಿಂಗಳಿಗೆ ಎಷ್ಟು?’ ಎಂಬುದಲ್ಲ, ‘ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?’ ಎಂಬುದು. ಕಂತಿನವರಿಗಾಗಿ ಬಿಟ್ಟುಕೊಡುವ ಹಣವನ್ನು ನಗದು ಗಿರಾಕಿಗೆ ರಿಯಾಯಿತಿಯಾಗಿ ಕೊಡುವ ಅಂಗಡಿಗಳಿವೆ. ಕೇಳದೆ ಯಾರೂ ಕೊಡುವುದಿಲ್ಲ. ಹಳೆಯ ಫೋನಿನ ಎಕ್ಸ್‌ಚೇಂಜ್ ಬೆಲೆಯನ್ನು ಈ ಮಾತು ಮುಗಿದ ಮೇಲಷ್ಟೇ ಎತ್ತಿ. ಎರಡನ್ನೂ ಒಟ್ಟಿಗೆ ಮಾತನಾಡಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂತೆಗೆದುಕೊಳ್ಳುವುದು ಸುಲಭ. ಕಂತು ತಪ್ಪಿದರೆ ದಂಡ ಬೀಳುವುದಷ್ಟೇ ಅಲ್ಲ, ಸಾಲ ತೀರಿಸುವ ನಿಮ್ಮ ಶಿಸ್ತನ್ನು ಅಳೆಯುವ ಸಿಬಿಲ್ ಅಂಕವೂ ಇಳಿದು, ನಾಳೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ಕಂತು ಕಟ್ಟಿಯೇ ಕೊಳ್ಳಬೇಕಾದ ಫೋನು ನಿಮ್ಮ ದುಡಿಮೆಗೆ ನೇರವಾಗಿ ನೆರವಾಗದಿದ್ದರೆ ಅದನ್ನು ಕೊಳ್ಳಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಮದುವೆ ಛಾಯಾಗ್ರಾಹಕರಿಗೆ, ರೀಲ್ಸ್ ಮಾಡಿ ವ್ಯಾಪಾರ ನಡೆಸುವವರಿಗೆ ಆ ಹಣ ದುಡಿದು ಹಿಂದಿರುಗುತ್ತದೆ. ಕರೆ, ಯುಪಿಐ, ವಾಟ್ಸ್‌ಆ್ಯಪ್‌ಗಷ್ಟೇ ಬಳಸುವವರಿಗೆ ಹಿಂದಿರುಗುವುದಿಲ್ಲ.

ಬಿಲ್ ಬರೆಯುವ ಹೊತ್ತಿಗೆ ಮುಂದಿಡುವ ಹೆಚ್ಚುವರಿ ವಾರಂಟಿ, ಅಂಟಿಸಿಯೇ ಕೊಡುತ್ತೇವೆನ್ನುವ ಟೆಂಪರ್ಡ್ ಗ್ಲಾಸ್ ಎರಡನ್ನೂ ಅಲ್ಲೇ ಒಪ್ಪಿಕೊಳ್ಳಬೇಡಿ. ಅದಕ್ಕಿಂತ ಆ ಮಾದರಿಯ ಡಿಸ್‌ಪ್ಲೇ ಬದಲಿಸಲು ಎಷ್ಟಾಗುತ್ತದೆಂದು ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ನೀರು, ದೂಳು ತಡೆಯುತ್ತದೆಂಬ ಐಪಿ68 ಗುರುತಿದ್ದರೂ ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಅನೇಕ ದುಬಾರಿ ಫೋನುಗಳ ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ. ಬೀದಿಬದಿಯ ಅಗ್ಗದ ಚಾರ್ಜರ್ ತರದೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತಿರುವುದನ್ನೇ ಕೊಳ್ಳಿ.

ಕೊನೆಗೆ ಪೆಟ್ಟಿಗೆ ತೆರೆದು *#06# ಒತ್ತಿ, ಪರದೆಯಲ್ಲಿ ಬರುವ 15 ಅಂಕಿಗಳ ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ) ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿನದಕ್ಕೂ ತಾಳೆಯಾಗುತ್ತದೆಯೇ ನೋಡಿ. ‘ಕೆವೈಎಂ’ (KYM) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಫೋನಿನ ವಿವರ ಬರುತ್ತದೆ. ಉತ್ತರದಲ್ಲಿ ಬೇರೆ ಮಾದರಿಯ ಹೆಸರು ಬಂದರೆ ಫೋನನ್ನು ಅಲ್ಲೇ ಹಿಂದಿರುಗಿಸಿ. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.