ಕೂಟಕ್ಕೆ ಒಯ್ಯುವ ಅಡುಗೆ ಬಾಯಿಗೆ ಇಡುವಂತಿರಬೇಕಾದರೆ

ಅಪಾರ್ಟ್‌ಮೆಂಟಿನ ಯುಗಾದಿ ಊಟವಿರಲಿ, ರಾಜ್ಯೋತ್ಸವಕ್ಕೆ ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಪಾಟ್‌ಲಕ್ ಇರಲಿ, ಯಾರೂ ಮುಟ್ಟದೆ ಬಿಟ್ಟ ಪಾತ್ರೆ ಒಂದೆರಡು ಇದ್ದೇ ಇರುತ್ತವೆ. ಮುದ್ದೆಗಟ್ಟಿದ ಬಿಸಿಬೇಳೆಬಾತು, ನೀರಲ್ಲಿ ತೇಲುವ ಕೋಸಂಬರಿ, ಕಹಿಯಾದ ಅನಾನಸ್ ರಾಯ್ತ. ಮಾಡಿದವರು ಮನೆಯಲ್ಲಿ ಸೊಗಸಾಗಿ ಅಡುಗೆ ಮಾಡುವವರೇ. ಆದರೆ ಬೆಳಿಗ್ಗೆ 8ಕ್ಕೆ ಒಲೆಯಿಂದ ಇಳಿದದ್ದು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಭಾಷಣವೆಲ್ಲ ಮುಗಿದು, ಎಲೆಗೆ ಬೀಳುವಾಗ ಮಧ್ಯಾಹ್ನ ಒಂದೂವರೆ. ಆ ಐದೂವರೆ ಗಂಟೆಯನ್ನು ಲೆಕ್ಕಕ್ಕೆ ಹಿಡಿದೇ ಒಲೆ ಹಚ್ಚಬೇಕು.

ಹೆಚ್ಚು ಕೆಡುವುದು ಬಿಸಿಬೇಳೆಬಾತು. ಆರುತ್ತಾ ಹೋದಂತೆ ಅಕ್ಕಿಯ ಗಂಜಿ ಬಿಗಿಯುತ್ತದೆ, ಬೇಳೆ ಉಳಿದ ನೀರನ್ನೆಲ್ಲ ಕುಡಿಯುತ್ತದೆ. ಮನೆಯಲ್ಲಿ 1 ಲೋಟ ಅಕ್ಕಿ, 1 ಲೋಟ ತೊಗರಿಬೇಳೆಗೆ ಒಟ್ಟು 6 ಲೋಟ ನೀರು ಹಾಕುವವರು ಕೂಟಕ್ಕೆ 8 ಲೋಟ ಹಾಕಿ. ಇಳಿಸುವಾಗ ಸೌಟಿನಿಂದ ಧಾರೆಯಾಗಿ ಬೀಳಬೇಕು, ಹುಳಿಗಿಂತ ತುಸು ಗಟ್ಟಿ, ಅಷ್ಟೇ. ನೋಡಿದರೆ ತೆಳ್ಳಗಾಯಿತೇನೋ ಅನ್ನಿಸುತ್ತದೆ, ಅನ್ನಿಸಲಿ. ಜೊತೆಗೆ ಒಂದು ಫ್ಲಾಸ್ಕಿನಲ್ಲಿ 2 ಲೋಟ ಬಿಸಿನೀರಿಗೆ ಹುಣಸೆರಸ, ಬಾತಿನ ಪುಡಿ, ಉಪ್ಪು ಹಾಕಿ ಕುದಿಸಿದ್ದನ್ನು ಒಯ್ಯಿರಿ. ಬಡಿಸುವ ಮೊದಲು ಗಟ್ಟಿಯಾಗಿದ್ದರೆ ಇದನ್ನೇ ಬೆರೆಸಬೇಕು. ಬರೀ ನೀರು ಹಾಕಿದರೆ ಹದ ಬರುತ್ತದೆ, ರುಚಿ ಸಪ್ಪೆಯಾಗುತ್ತದೆ. ತುಪ್ಪದ ಒಗ್ಗರಣೆ ಕೊನೆಗೆ, ಖಾರಾಬೂಂದಿ ಬೇರೆ ಡಬ್ಬಿಯಲ್ಲಿ. ಅಲ್ಲಿ ಬಿಸಿ ಮಾಡುವಾಗ ತಳ ಹಿಡಿದರೆ ಕೆರೆಯಲೇಬೇಡಿ. ಮೇಲಿನದನ್ನು ಹಗುರವಾಗಿ ಬೇರೆ ಪಾತ್ರೆಗೆ ತೆಗೆಯಿರಿ. ಒಮ್ಮೆ ಸೌಟು ತಳಕ್ಕೆ ತಾಗಿಸಿ ತಿರುವಿದರೆ ಸೀದ ವಾಸನೆ ಇಡೀ ಪಾತ್ರೆಗೆ ಹರಡುತ್ತದೆ, ಆಮೇಲೆ ಎಷ್ಟು ತುಪ್ಪ ಸುರಿದರೂ ಹೋಗುವುದಿಲ್ಲ.

ಕೋಸಂಬರಿಯನ್ನು ಕೆಡಿಸುವುದು ಉಪ್ಪು. ಸೌತೆಕಾಯಿಗೆ ಉಪ್ಪು ಬಿದ್ದ ಹತ್ತು ಹದಿನೈದು ನಿಮಿಷದಲ್ಲೇ ನೀರು ಬಿಡತೊಡಗುತ್ತದೆ. ಹೆಸರುಬೇಳೆಯನ್ನು 1 ಗಂಟೆ ನೆನೆಸಿ, ಜಾಲರಿಯಲ್ಲಿ 15 ನಿಮಿಷ ಬಸಿದು, ಒಗ್ಗರಣೆ ಆರಿದ ಮೇಲೆ ಬೆರೆಸಿ ಒಂದು ಡಬ್ಬಿಗೆ ತುಂಬಿ. ಇಡೀ ರಾತ್ರಿ ನೆನೆದ ಬೇಳೆ ಲೋಳೆಯಾಗುತ್ತದೆ. ಸೌತೆಕಾಯಿ, ತೆಂಗಿನತುರಿ, ನಿಂಬೆ, ಉಪ್ಪು ಒಂದೊಂದೂ ಬೇರೆ ಬೇರೆ ಹೋಗಲಿ. ಎಲೆ ಹಾಕಿ ನೀರು ಚಿಮುಕಿಸುವ ಹೊತ್ತಿಗೆ ಕಲಸಿದರೆ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಹಸಿ ತೆಂಗಿನಕಾಯಿಯನ್ನು ನಂಬಬೇಡಿ, ತುರಿದದ್ದು ಬೇಗ ಕಮಟಾಗುತ್ತದೆ. ಐಸ್ ಪ್ಯಾಕಿನ ಜೊತೆ ಒಯ್ಯಿರಿ, ಇಲ್ಲವೇ ಬಿಟ್ಟುಬಿಡಿ.

ಅನಾನಸ್ ರಾಯ್ತ ಕಹಿಯಾದರೆ ಎಲ್ಲರೂ ಮೊಸರನ್ನು ದೂರುತ್ತಾರೆ. ತಪ್ಪು ಹಣ್ಣಿನದು. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲು ಮೊಸರಿನ ಪ್ರೊಟೀನನ್ನು ಒಡೆಯುತ್ತದೆ, ಆ ಚೂರುಗಳೇ ಕಹಿ. ಹೋಳುಗಳನ್ನು ಸ್ವಲ್ಪ ಸಕ್ಕರೆ, ಚಿಟಿಕೆ ಉಪ್ಪು ಹಾಕಿ 5ರಿಂದ 7 ನಿಮಿಷ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಮೊಸರಿಗೆ ಹಾಕಿ. ಬಿಸಿಗೆ ಕಿಣ್ವ ಸಾಯುತ್ತದೆ. ಫ್ರೂಟ್ ಕಸ್ಟರ್ಡಿಗೂ ಇದೇ ಮಾತು, ಕಿವಿ ಹಣ್ಣಿಗೂ ಇದೇ ಗತಿ.

ಚಿತ್ರಾನ್ನ ಕಹಿಯಾಗುವುದಕ್ಕೆ ಕಾರಣ ಬೇರೆ: ಒಲೆಯ ಮೇಲಿರುವಾಗಲೇ ನಿಂಬೆ ಹಿಂಡಿರುತ್ತಾರೆ, ಅಥವಾ ಸಿಪ್ಪೆಯವರೆಗೂ ಹಿಂಡಿರುತ್ತಾರೆ. ಒಲೆ ಆರಿಸಿ, ಬೀಜ ಸೋಸಿ, ಕೈಬಿಸಿಗೆ ಬಂದ ಮೇಲೆ ರಸ ಹಾಕಿ.

ಮೊಸರನ್ನ ಹುಳಿಯಾಗದಿರಲು ಮೊಸರು ಕಡಿಮೆ, ಹಾಲು ಜಾಸ್ತಿ. 1 ಲೋಟ ಅಕ್ಕಿಯ ಅನ್ನವನ್ನು ಬಿಸಿಯಿರುವಾಗಲೇ ಮಸೆದು, ಆರಿಸಿ, ಕಾಯಿಸಿ ಆರಿಸಿದ 2 ಲೋಟ ಹಾಲು, ಕಾಲು ಲೋಟ ಮೊಸರು ಬೆರೆಸಿ. ಉಪ್ಪು, ದಾಳಿಂಬೆ ಬಡಿಸುವ ಮುಂಚೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ನೋಡಲು ಚೆಂದ, ಆದರೆ ಮೊಸರು, ಹುಣಸೆ, ನಿಂಬೆ ಯಾವುದನ್ನೂ ಅದರಲ್ಲಿ ಇಡಬಾರದು. ಕಿಲುಬು ಬಿಟ್ಟು ವಾಕರಿಕೆ ಬರಿಸುತ್ತದೆ. ಸ್ಟೀಲ್ ಸಾಕು.

ದೂರದಿಂದ ಬರುವವರಿಗೆ ನಮ್ಮ ಸಲಹೆ ಗೊಜ್ಜವಲಕ್ಕಿ. ಹೊತ್ತು ಕಳೆದಷ್ಟೂ ರುಚಿ ಏರುವ ತಿಂಡಿ ಅದು. ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿಯಾಗಿ ಒಡೆದು, 2 ಲೋಟ ತರಿಗೆ ಸುಮಾರು ಒಂದೂವರೆ ಲೋಟ ಹುಣಸೆ, ಬೆಲ್ಲ, ಸಾರಿನ ಪುಡಿಯ ನೀರು ಹಾಕಿ 20 ನಿಮಿಷ ಬಿಡಿ. ಬೆರಳಲ್ಲಿ ಉದುರಿಸಿ ಒಗ್ಗರಣೆ ಕೊಡಿ. ಹಸಿಕಾಯಿ ಬದಲು ಕೊಬ್ಬರಿ ತುರಿ. ಪುಳಿಯೋಗರೆಯ ಗೊಜ್ಜೂ ಪ್ರಯಾಣಕ್ಕೆ ಒಳ್ಳೆಯದು, ಗೊಜ್ಜನ್ನಷ್ಟೇ ಒಯ್ದು ಅಲ್ಲೇ ಅನ್ನ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಅನ್ನದ ವಿಷಯ ರುಚಿಗಿಂತ ದೊಡ್ಡದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಬದುಕುತ್ತವೆ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಚಿಗುರಿ ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ 60 ಡಿಗ್ರಿಗಿಂತ ಬಿಸಿಯಾಗಿ ಇಡಿ, ಇಲ್ಲವೇ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ. ನಡುವಿನ ಉಗುರುಬೆಚ್ಚಗೆ 2 ಗಂಟೆ ಮೀರಕೂಡದು. ಹಾಟ್‌ಬಾಕ್ಸಿಗೆ ಮೊದಲು ಕುದಿನೀರು ಸುರಿದು 5 ನಿಮಿಷ ಬಿಟ್ಟು ಚೆಲ್ಲಿ, ಹಬೆಯಾಡುವ ಅಡುಗೆಯನ್ನು ಬಾಯಿತನಕ ತುಂಬಿ. ಅರ್ಧ ತುಂಬಿದ ಡಬ್ಬಿ ಬೇಗ ತಣ್ಣಗಾಗುತ್ತದೆ.

ಕರೆದವರಿಗೂ ಕೆಲಸವಿದೆ. ಯಾರು ಏನು ತರುತ್ತಾರೆಂದು ಮೂರು ದಿನ ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿ, ಇಲ್ಲದಿದ್ದರೆ ನಾಲ್ಕು ಪುಲಾವ್ ಬಂದು ಸಾರೇ ಇರುವುದಿಲ್ಲ. ಪ್ರತಿ ಪಾತ್ರೆಗೂ ಒಂದು ಚೀಟಿ: ಹೆಸರು, ಈರುಳ್ಳಿ ಬೆಳ್ಳುಳ್ಳಿ ಇದೆಯೋ ಇಲ್ಲವೋ, ಕಡಲೆಬೀಜ, ಮೊಟ್ಟೆ. ಕೇಕಿನಲ್ಲಿ ಮೊಟ್ಟೆ ಇದೆಯೆಂದು ತಿಂದ ಮೇಲೆ ತಿಳಿದರೆ ಕೆಲವರಿಗೆ ಆ ದಿನವೇ ಕೆಡುತ್ತದೆ, ಇದನ್ನು ಹಗುರವಾಗಿ ನೋಡಬೇಡಿ. ಕೋಳಿ, ಮಟನ್ ಇದ್ದರೆ ಮೇಜೇ ಬೇರೆ, ಸೌಟೂ ಬೇರೆ. ಎಲ್ಲವನ್ನೂ ಒಟ್ಟಿಗೆ ತೆರೆದಿಡದೆ ಸಣ್ಣ ಪಾತ್ರೆಗೆ ಸುರಿದು, ಖಾಲಿಯಾದಂತೆ ತುಂಬುತ್ತಾ ಹೋಗಿ. ಕೆದಕಿದ ದೊಡ್ಡ ಪಾತ್ರೆ ಕಂಡರೆ ಹಸಿದವರಿಗೂ ಹಸಿವು ಇಳಿಯುತ್ತದೆ.

ಬಡಿಸಿಕೊಳ್ಳುವವರು, ಗುರುತಿಲ್ಲದ ಪದಾರ್ಥ ಬಂದಾಗ ಮುಖ ಸಿಂಡರಿಸದೆ "ರುಚಿಗೆ ಒಂದು ಚೂರು ಹಾಕಿ" ಎನ್ನಿ. ಹಾಗಲಕಾಯಿ ಗೊಜ್ಜಿನಂಥದ್ದು ಒಗ್ಗದಿದ್ದರೆ ಅನ್ನ, ತುಪ್ಪದ ಜೊತೆ ಎರಡು ತುತ್ತಲ್ಲಿ ಮುಗಿಸಬಹುದು. ಬೇಡವೇ ಬೇಡ ಎಂದರೆ ಬಡಿಸುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ, ಬಿದ್ದ ಮೇಲೆ ಬದಿಗೆ ತಳ್ಳುವುದಕ್ಕಿಂತ ಅದು ಮರ್ಯಾದೆ. ಆದರೆ ಹಳಸಿದ ವಾಸನೆ ಬಂದರೆ ಸಂಕೋಚ ಬೇಡ. ಮನೆಯವರನ್ನು ಪಕ್ಕಕ್ಕೆ ಕರೆದು "ಇದು ಸ್ವಲ್ಪ ತಿರುಗಿದೆ, ಮಕ್ಕಳಿಗೆ ಹಾಕಬೇಡಿ" ಎಂದು ಹೇಳಿ, ಪಾತ್ರೆ ಒಳಗೆ ಹೋಗಲಿ.

ಉಳಿದದ್ದನ್ನು ಹಂಚುವಾಗ ಗೊಜ್ಜು, ಚಕ್ಕುಲಿ, ಒಣ ಸಿಹಿತಿಂಡಿ ಯಾರ ಮನೆಗಾದರೂ ಕಟ್ಟಿಕೊಡಿ. ಹೊರಗೇ ಕೂತಿದ್ದ ಅನ್ನ, ಪಾಯಸ, ಕಾಯಿಚಟ್ನಿಯನ್ನು ಮಾತ್ರ ಯಾರಿಗೂ ಕಟ್ಟಬೇಡಿ, ಮನೆಗೆಲಸದವರಿಗಂತೂ ಖಂಡಿತ ಕೊಡಬೇಡಿ. ಹಸಿ ಕಸದ ಬುಟ್ಟಿಗೇ ಹೋಗಲಿ.